ಲೆಕ್ಕವನ್ನು ಬೇಸಗೆಯಿಂದ ಆರಂಭಿಸಿ: ಬೆಳೆಯುತ್ತಿರುವ ಮಲೆನಾಡಿನ ಊರುಗಳಿಗೆ ಮೂವತ್ತು ವರ್ಷಗಳ ನೀರಿನ ಯೋಜನೆ ರೂಪಿಸುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ಮಲೆನಾಡಿನ ಗುಡ್ಡದ ನೆತ್ತಿಯಲ್ಲಿರುವ ಎಷ್ಟೋ ಮಜಿರೆಗಳಲ್ಲಿ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಪಂಚಾಯಿತಿಯವರು ಟ್ಯಾಂಕರಿಗೆ ಟೆಂಡರ್ ಕರೆಯುತ್ತಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸಲಾಗದವರು ನಮ್ಮ ಭಾಗಕ್ಕೆ ನೀರಿನ ಯೋಜನೆ ಬರೆಯಲಾರರು. ಈ ಬರಹ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಪುರಸಭೆ ಮತ್ತು ಪಾಲಿಕೆಯ ಪ್ರತಿನಿಧಿಗಳಿಗೆ, ಅಭಿವೃದ್ಧಿ ಅಧಿಕಾರಿಗಳಿಗೆ ಹಾಗೂ ತಮ್ಮ ಊರಿಗೆ ಮುಂದಿನ ತಲೆಮಾರಿನಲ್ಲಿ ಎಷ್ಟು ನೀರು ಬೇಕಾದೀತು, ಅದು ಎಲ್ಲಿಂದ ಬಂದೀತು ಎಂದು ತಾವೇ ಲೆಕ್ಕ ಹಾಕಬಯಸುವ ನಾಗರಿಕರಿಗೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಗುಣಾಕಾರ, ಭಾಗಾಕಾರ ಮತ್ತು ಒಂದೆರಡು ವರ್ಷ ಬಿಡದೆ ಅಳತೆ ಬರೆದಿಡುವ ತಾಳ್ಮೆ ಸಾಕು.

ವರ್ಷದ ಒಟ್ಟು ಲೆಕ್ಕ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಮೊದಲು ನೋಡೋಣ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಒಳಚರಂಡಿ ಇರುವ ನಗರಗಳಿಗೆ ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ನಿಗದಿಪಡಿಸಿರುವ ಪ್ರಮಾಣ ತಲಾ ದಿನಕ್ಕೆ 135 ಲೀಟರ್. ಗುಣಿಸಿದರೆ ದಿನಕ್ಕೆ ಸುಮಾರು 4.36 ಕೋಟಿ ಲೀಟರ್, ವರ್ಷಕ್ಕೆ ಸುಮಾರು 1,590 ಕೋಟಿ ಲೀಟರ್ ಆಗುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಅಂದರೆ ಇಡೀ ನಗರದ ವರ್ಷದ ಅಗತ್ಯ ಅರ್ಧ ಟಿಎಂಸಿಗಿಂತ ತುಸು ಹೆಚ್ಚು, ಅಷ್ಟೆ. ಪಕ್ಕದ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಸಾಮರ್ಥ್ಯವೇ 71.5 ಟಿಎಂಸಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟವರಿಗೆ ‘ನಮಗೇನು ಕೊರತೆ’ ಎಂದೆನಿಸುವುದು ಸಹಜ. ಆದರೆ ಜಲಾಶಯದ ಪ್ರತಿ ಹನಿಗೂ ಈಗಾಗಲೇ ಹಕ್ಕುದಾರರಿದ್ದಾರೆ. ಮಳೆಗಾಲದ ಪ್ರವಾಹ ಬೇಸಗೆಯವರೆಗೆ ನಿಲ್ಲುವುದಿಲ್ಲ. ಗುಡ್ಡದ ಮೇಲಿನ ಹಳ್ಳಿಗೆ ಕಣಿವೆಯ ನೀರು ತಾನಾಗಿ ಏರಿ ಬರುವುದೂ ಇಲ್ಲ. ಆದ್ದರಿಂದ ಫೆಬ್ರವರಿ ನಡುಭಾಗದಿಂದ ಜೂನ್ ನಡುಭಾಗದವರೆಗಿನ ಆ 120 ದಿನಗಳಲ್ಲಿ, ನಮ್ಮ ಊರಿನ ಎತ್ತರದಲ್ಲಿ, ನಮ್ಮ ಪಾಲಿಗೆ ಎಷ್ಟು ನೀರಿದೆ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಯೋಜನೆಯನ್ನು ಕಟ್ಟಬೇಕು.

ಮೊದಲು ನಕ್ಷೆ, ಆಮೇಲೆ ಅಂಕಿ

ತಾಲ್ಲೂಕಿನ ಗಡಿಯನ್ನೇ ನೀರಿನ ಗಡಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮಾಲತಿಯ ಮೂಲಕ ತುಂಗೆಗೆ ಸೇರಿ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯ ದಾರಿಯಲ್ಲಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಮೂಲಕ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಸಾಗರ ತಾಲ್ಲೂಕಿನಲ್ಲೂ ಹೀಗೆಯೇ: ಶರಾವತಿ ಪಶ್ಚಿಮಕ್ಕೆ ಹರಿದರೆ, ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಈ ಭೇದ ಕಾನೂನಿನ ದೃಷ್ಟಿಯಿಂದಲೂ ಮುಖ್ಯ. ಪೂರ್ವಕ್ಕೆ ಹರಿಯುವ ನೀರಿನ ಹಂಚಿಕೆ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ ಚೌಕಟ್ಟಿಗೆ ಒಳಪಟ್ಟಿದೆ. ಪಶ್ಚಿಮವಾಹಿನಿಗಳ ಸ್ಥಿತಿ ಬೇರೆ.

ಆದ್ದರಿಂದ ಸರ್ವೆ ಇಲಾಖೆಯ ಸ್ಥಳಾಕೃತಿ ನಕ್ಷೆಯ ಮೇಲೆ ನಿಮ್ಮ ಪಂಚಾಯಿತಿಯ ಹಳ್ಳ, ಹೊಳೆ, ಕೆರೆ, ಅಬ್ಬಿ (ಗುಡ್ಡದಿಂದ ಬೀಳುವ ಝರಿ), ಬಾವಿ, ಕೊಳವೆಬಾವಿ ಎಲ್ಲವನ್ನೂ ಗುರುತಿಸಿ, ಪ್ರತಿ ಗುಡ್ಡದ ಏಣಿನ ಮೇಲೆ ಗೆರೆ ಎಳೆದು ಯಾವ ಹಳ್ಳದ ನೀರು ಎತ್ತ ಹೋಗುತ್ತದೆ ಎಂಬುದನ್ನು ತೋರಿಸಿ. ಪ್ರತಿ ಜನವಸತಿಯ ಎತ್ತರವನ್ನೂ, ಪ್ರತಿ ಜಲಮೂಲದ ಎತ್ತರವನ್ನೂ ಮೀಟರಿನಲ್ಲಿ ಬರೆಯಿರಿ. ಯಾವ ಊರಿಗೆ ನೀರು ಇಳಿದು ಬರುತ್ತದೆ, ಯಾವ ಊರಿಗೆ ಎತ್ತಬೇಕು ಎಂಬುದು ಈ ಒಂದು ಕೆಲಸದಿಂದಲೇ ಅರ್ಧ ತಿಳಿಯುತ್ತದೆ. ನಕ್ಷೆ ತಯಾರಿಸುವಾಗ ಊರಿಗೆ ನೀರು ಬಿಡುವ ನೀರುಗಂಟಿಯನ್ನೂ, ಊರಿನ ಹಿರಿಯ ಹೆಂಗಸರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಾವ ಒರತೆ ಶಿವರಾತ್ರಿಗೆ ಬತ್ತುತ್ತದೆ, ಯಾವುದು ಮೃಗಶಿರ ಮಳೆ ಹಿಡಿಯುವವರೆಗೂ ಜಿನುಗುತ್ತದೆ ಎಂಬುದು ಕೊಡ ಹೊತ್ತವರಿಗೆ ತಿಳಿದಿರುವಷ್ಟು ಕಡತಗಳಿಗೆ ತಿಳಿದಿರುವುದಿಲ್ಲ.

ಎಷ್ಟು ಜನ ಇರುತ್ತಾರೆ?

ನಗರಕ್ಕೆ ಜನಸಂಖ್ಯೆ ಅಂದಾಜಿಸಲು ಸರಳವಾದ ಎರಡು ವಿಧಾನಗಳಿವೆ. ಪ್ರತಿ ದಶಕದಲ್ಲಿ ಒಂದೇ ಸಂಖ್ಯೆಯ ಜನ ಸೇರುತ್ತಾರೆ ಎಂದು ಭಾವಿಸುವುದು ಒಂದು. ಪ್ರತಿ ದಶಕದಲ್ಲಿ ಒಂದೇ ಶೇಕಡಾ ದರದಲ್ಲಿ ಬೆಳೆಯುತ್ತಾರೆ ಎಂದು ಭಾವಿಸುವುದು ಇನ್ನೊಂದು. ಶಿವಮೊಗ್ಗ ನಗರದಲ್ಲಿ 2001ರಲ್ಲಿ ಸುಮಾರು 2.74 ಲಕ್ಷ ಜನರಿದ್ದರು. 2011ರ ಹೊತ್ತಿಗೆ 3.23 ಲಕ್ಷಕ್ಕೆ ಏರಿದರು. ಮೊದಲ ವಿಧಾನದಲ್ಲಿ 2041ಕ್ಕೆ ಸುಮಾರು 4.69 ಲಕ್ಷ, ಎರಡನೆಯದರಲ್ಲಿ ಸುಮಾರು 5.27 ಲಕ್ಷ ಬರುತ್ತದೆ. ವ್ಯತ್ಯಾಸ 58 ಸಾವಿರ ಜನ, ನೀರಿನ ಲೆಕ್ಕದಲ್ಲಿ ದಿನಕ್ಕೆ 78 ಲಕ್ಷ ಲೀಟರ್. 2051ಕ್ಕೆ ಈ ವ್ಯತ್ಯಾಸ ಒಂದು ಲಕ್ಷ ಜನರನ್ನು ದಾಟುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ವಾದಿಸುತ್ತಾ ಕೂರುವ ಬದಲು ಎರಡನ್ನೂ ಯೋಜನೆಯಲ್ಲಿ ಉಳಿಸಿಕೊಳ್ಳಿ. ಕಡಿಮೆ ಅಂದಾಜಿಗೆ ಯಂತ್ರಗಳನ್ನು ಕೊಳ್ಳಿ, ಹೆಚ್ಚಿನ ಅಂದಾಜಿಗೆ ಜಾಗವನ್ನು ಕಾಯ್ದಿರಿಸಿ.

2021ರಲ್ಲಿ ಜನಗಣತಿ ನಡೆಯಲಿಲ್ಲವಾದ್ದರಿಂದ 2011ರ ಅಂಕಿಯ ಮೇಲೆ ಮಾತ್ರ ನಿಂತರೆ ಲೆಕ್ಕ ಹಳಸುತ್ತದೆ. ಮತದಾರರ ಪಟ್ಟಿ, ಪಡಿತರ ಚೀಟಿ, ವಿದ್ಯುತ್ ಸಂಪರ್ಕಗಳ ಸಂಖ್ಯೆ, ಆಸ್ತಿ ತೆರಿಗೆಯ ಖಾತೆಗಳು, ಶಾಲಾ ದಾಖಲಾತಿ ಇವುಗಳ ಹತ್ತು ವರ್ಷದ ಏರಿಳಿತವನ್ನು ಪಕ್ಕಪಕ್ಕದಲ್ಲಿ ಬರೆದರೆ ಜನಗಣತಿಗೆ ಹತ್ತಿರದ ಚಿತ್ರ ಸಿಗುತ್ತದೆ. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಗಳ ಪಟ್ಟಿಯನ್ನೂ ತೆಗೆದುಕೊಳ್ಳಿ. ಬೆಳವಣಿಗೆಯ ಪ್ರಮಾಣ ಎಷ್ಟು ಮುಖ್ಯವೋ ದಿಕ್ಕೂ ಅಷ್ಟೇ ಮುಖ್ಯ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಂಥ ಸ್ಥಾವರಗಳ ಸುತ್ತ ಮನೆ, ಗೋದಾಮು, ಹೋಟೆಲುಗಳು ಬೆಳೆಯುತ್ತವೆ. ಕೊಳವೆ ಮಾರ್ಗ ಹಾಕುವ ಮೊದಲೇ ರಸ್ತೆ ಡಾಂಬರಾದರೆ ಮುಂದೆ ಅದನ್ನೇ ಅಗೆಯಬೇಕಾಗುತ್ತದೆ.

ಒಳಗಿನ ಹಳ್ಳಿಗಳಿಗೆ ಈ ಏರುಗೆರೆಯನ್ನು ಎಳೆಯಬೇಡಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಅನೇಕ ಊರುಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ, ದೊಡ್ಡ ಮನೆಯಲ್ಲಿ ಇಬ್ಬರು ಹಿರಿಯರು ಉಳಿದಿದ್ದಾರೆ. ಅಲ್ಲಿ ತಲೆ ಎಣಿಕೆ ಹೆಚ್ಚದಿದ್ದರೂ ತಲಾ ಬಳಕೆ ಹೆಚ್ಚುತ್ತದೆ. ಬಚ್ಚಲಿಗೆ ನಲ್ಲಿ, ಬಟ್ಟೆ ಒಗೆಯುವ ಯಂತ್ರ, ಫ್ಲಶ್ ಇರುವ ಶೌಚಾಲಯ ಬಂದ ಮನೆಗೆ ಬಾವಿಯಿಂದ ಸೇದುತ್ತಿದ್ದ ಕಾಲದ ನೀರು ಸಾಲದು. ಹಬ್ಬಕ್ಕೆ, ರಜೆಗೆ ಮನೆ ತುಂಬುವುದೂ ಇದೆ, ಅದರಲ್ಲೂ ದೊಡ್ಡ ರಜೆ ಬೀಳುವುದು ಏಪ್ರಿಲ್–ಮೇ ತಿಂಗಳಲ್ಲೇ.

ಬೇಡಿಕೆಯ ಉಳಿದ ಬಾಬತ್ತುಗಳು

ತಲಾ ಪ್ರಮಾಣಗಳು ಸುಲಭ. ಒಳಚರಂಡಿಯಿರುವ ಪಟ್ಟಣಕ್ಕೆ 135 ಲೀಟರ್, ಕೊಳವೆ ನೀರಿದ್ದು ಒಳಚರಂಡಿಯಿಲ್ಲದ ಪಟ್ಟಣಕ್ಕೆ 70 ಲೀಟರ್, 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನಡಿ ಗ್ರಾಮೀಣ ಮನೆಗಳಿಗೆ 55 ಲೀಟರ್. ಸಂಸ್ಥೆಗಳಿಗೆ ಬೇರೆ: ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ 450 ಲೀಟರ್, ಚಿಕ್ಕ ಆಸ್ಪತ್ರೆಗೆ 340, ಹಾಸ್ಟೆಲಿಗೆ ತಲಾ 135, ವಸತಿಗೃಹದ ಹಾಸಿಗೆಯೊಂದಕ್ಕೆ 180, ಹಗಲು ಶಾಲೆಗೆ ವಿದ್ಯಾರ್ಥಿಯೊಬ್ಬರಿಗೆ 45 ಲೀಟರ್. ಗ್ರಾಮೀಣ ಯೋಜನೆಗೆ ಒಂದು ಸಲಹೆ: ಇಂದು 55 ಲೀಟರಿಗೆ ಯೋಜನೆ ರೂಪಿಸಿ, ಕೊಳವೆಯ ಗಾತ್ರವನ್ನು ಮಾತ್ರ 70ಕ್ಕೆ ಲೆಕ್ಕ ಹಾಕಿ. ಪಂಪನ್ನು ಬದಲಿಸುವುದು ಸುಲಭ, ನೆಲದೊಳಗಿನ ಕೊಳವೆಯನ್ನು ಬದಲಿಸುವುದು ಕಷ್ಟ.

ಬಂದುಹೋಗುವ ಜನರನ್ನು ನಮ್ಮ ಯೋಜನೆಗಳು ಸಾಮಾನ್ಯವಾಗಿ ಮರೆಯುತ್ತವೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತವೆ. ಎರಡೂ ನೀರು ಇಳಿಯಲಾರಂಭಿಸುವ ಹೊತ್ತಿಗೇ ಬರುತ್ತವೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಸಿಗಂದೂರು ದೇವಸ್ಥಾನಕ್ಕೆ ಹೋಗಲು ಲಾಂಚಿಗಾಗಿ ಕಾಯಬೇಕಿಲ್ಲ. ಭಕ್ತರಿಗೆ ಇದರಿಂದ ಅನುಕೂಲವಾಯಿತು, ಆ ದ್ವೀಪದಂಥ ಹಳ್ಳಿಗಳ ಜನರ ದಶಕಗಳ ಕಷ್ಟವೂ ನೀಗಿತು. ಆದರೆ ನೀರಿನ ಲೆಕ್ಕದಲ್ಲಿ ಅಲ್ಲಿನ ಪಂಚಾಯಿತಿ ಇನ್ನು ತನ್ನ ಮತದಾರರಷ್ಟೇ ಜನರಿಗೆ ಯೋಜನೆ ಬರೆದರೆ ಸಾಲದು. ಅತಿ ಹೆಚ್ಚು ಜನ ಬರುವ ವಾರದ ದಿನಬಳಕೆಯನ್ನು ಅಳೆದು, ಅದನ್ನೇ ಬೇಡಿಕೆಯಾಗಿ ಬರೆಯಬೇಕು.

ಕೈಗಾರಿಕೆಯ ಬೇಡಿಕೆ ಏರುವುದಷ್ಟೇ ಅಲ್ಲ, ಇಳಿಯುವುದೂ ಉಂಟು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಕಾಗದ ತಯಾರಿಕೆ ಬಹಳ ನೀರು ಬೇಡುವ ಉದ್ಯಮ. ಇಂಥ ಕಡೆ ಹಳೆಯ ಹಂಚಿಕೆ ಕಡತದಲ್ಲಿ ಯಾರ ಹೆಸರಿನಲ್ಲಿದೆ, ಅದು ಕುಡಿಯುವ ನೀರಿಗೆ ಮರಳಬಹುದೇ ಎಂಬುದನ್ನು ಜಲಸಂಪನ್ಮೂಲ ಇಲಾಖೆಯಲ್ಲಿ ಲಿಖಿತವಾಗಿ ಕೇಳಿ ತಿಳಿಯುವುದು ಹೊಸ ಜಲಮೂಲ ಹುಡುಕುವುದಕ್ಕಿಂತ ಮೊದಲ ಕೆಲಸ.

ಮಲೆನಾಡಿನ ನಿಜವಾದ ಬೇಡಿಕೆ ಮಾತ್ರ ಅಡಿಕೆ ತೋಟದಲ್ಲಿದೆ, ಅದನ್ನು ಕುಡಿಯುವ ನೀರಿನ ಯೋಜನೆಯಿಂದ ಹೊರಗಿಟ್ಟು ಮಾಡಿದ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬೇಸಗೆಯಲ್ಲಿ ಹನಿ ನೀರಾವರಿಯಲ್ಲೂ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಎಕರೆಗೆ ಸುಮಾರು 550 ಮರ. ಮರಕ್ಕೆ 18 ಲೀಟರ್ ಎಂದರೆ ಎಕರೆಗೆ ದಿನಕ್ಕೆ 9,900 ಲೀಟರ್. ಜಲಜೀವನ್ ಪ್ರಮಾಣದಲ್ಲಿ ಇದು 180 ಜನರ ದಿನದ ನೀರು. ಸ್ಪ್ರಿಂಕ್ಲರಿನಲ್ಲಿ, ಹಾಯಿ ನೀರಿನಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ. ಹಿಂದೆ ಕಣಿವೆಯ ತಗ್ಗಿನಲ್ಲಿ, ಹಳ್ಳದ ನೀರನ್ನು ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಹಾಯಿಸಿ ಬೆಳೆಯುತ್ತಿದ್ದ ಬೆಳೆ ಈಗ ಗದ್ದೆಗೂ ಬ್ಯಾಣದ ಹುಲ್ಲುಗಾವಲಿಗೂ ಏರಿದೆ. ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ನೆಲಕ್ಕೆ ಇಂಗಿಸುತ್ತಿದ್ದ ಭತ್ತದ ಗದ್ದೆ ತೋಟವಾದಾಗ ಇಂಗುವುದು ಕಡಿಮೆಯಾಗಿ ಎತ್ತುವುದು ಹೆಚ್ಚಾಗುತ್ತದೆ. ರೈತರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ, ಭತ್ತದಲ್ಲಿ ಸಂಸಾರ ಸಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿಮ್ಮ ಪಂಚಾಯಿತಿಯಲ್ಲಿ ಕಳೆದ ಹತ್ತು ವರ್ಷದಲ್ಲಿ ಪಹಣಿಯಲ್ಲಿ ಗದ್ದೆಯಿಂದ ತೋಟವಾದ ಎಕರೆ ಎಷ್ಟು, ಅದರಲ್ಲಿ ಕೊಳವೆಬಾವಿಯನ್ನು ನಂಬಿದ್ದು ಎಷ್ಟು, ಎಳೆಯ ಗಿಡಗಳು ಎಷ್ಟು ಎಂದು ಬೆಳೆ ಸಮೀಕ್ಷೆಯಿಂದ ತೆಗೆದು ಬರೆಯಿರಿ. ಇಂದಿನ ಎಳೆಯ ಗಿಡ ಇನ್ನು ಆರೇಳು ವರ್ಷದಲ್ಲಿ ಪೂರ್ತಿ ನೀರು ಕೇಳುತ್ತದೆ. ಆ ಬೇಡಿಕೆ ಈಗಾಗಲೇ ನೆಟ್ಟು ಆಗಿದೆ.

ಸೋರಿ ಹೋಗುವ ನೀರು

ಮನೆ ಬಾಗಿಲಿಗೆ ತಲುಪಬೇಕಾದ ನೀರಿಗೆ ದಾರಿಯ ಸೋರಿಕೆಯನ್ನು ಸೇರಿಸಿದಾಗಲೇ ಹೊಳೆಯಿಂದ ಎತ್ತಬೇಕಾದ ನೀರು ತಿಳಿಯುತ್ತದೆ. ಕೈಪಿಡಿ ಒಪ್ಪುವ ಸೋರಿಕೆಯ ಮಿತಿ ಶೇಕಡಾ 15. 2041ಕ್ಕೆ 5.27 ಲಕ್ಷ ಜನ ಎಂದಾದರೆ ಮನೆಗಳಿಗೆ ಬೇಕಾದದ್ದು ದಿನಕ್ಕೆ 7.11 ಕೋಟಿ ಲೀಟರ್. ಸೋರಿಕೆ ಶೇಕಡಾ 15 ಇದ್ದರೆ 8.37 ಕೋಟಿ ಲೀಟರ್ ಎತ್ತಬೇಕು. ಶೇಕಡಾ 40 ಇದ್ದರೆ 11.86 ಕೋಟಿ ಲೀಟರ್. ಈ ಎರಡರ ನಡುವಿನ ಅಂತರ ಸುಮಾರು ಮೂರೂವರೆ ಕೋಟಿ ಲೀಟರ್. 2011ರ ಇಡೀ ಶಿವಮೊಗ್ಗದ ಅಗತ್ಯದ ಐದರಲ್ಲಿ ನಾಲ್ಕು ಪಾಲು. ಹೊಳೆಯಿಂದ ನೀರೆತ್ತುವ ಹೊಸ ಜಾಕ್‌ವೆಲ್, ಹೊಸ ಶುದ್ಧೀಕರಣ ಘಟಕ ಕಟ್ಟಿ ತಂದ ನೀರು ಹಳೆಯ ಕೊಳವೆಯ ತೂತಿನಿಂದ ಮಣ್ಣು ಸೇರಿದರೆ ಆ ಖರ್ಚಿಗೆ ಅರ್ಥವಿಲ್ಲ.

ಸೋರಿಕೆಯನ್ನು ಊಹಿಸಬೇಡಿ, ಅಳೆಯಿರಿ. ಒಂದು ಓವರ್‌ಹೆಡ್ ಟ್ಯಾಂಕಿನಿಂದ ನೀರು ಪಡೆಯುವ ಬಡಾವಣೆಯನ್ನು ಆರಿಸಿಕೊಳ್ಳಿ. ಮನೆಯವರಿಗೆ ಮೊದಲೇ ತಿಳಿಸಿ, ರಾತ್ರಿ ಒಂದು ಗಂಟೆಗೆ ಎಲ್ಲ ಮನೆಗಳ ಸಂಪಿನ ವಾಲ್ವ್ ಮುಚ್ಚಿಸಿ, ಟ್ಯಾಂಕಿಗೆ ಬರುವ ನೀರನ್ನೂ ನಿಲ್ಲಿಸಿ, ಬಡಾವಣೆಗೆ ಹೋಗುವ ವಾಲ್ವನ್ನು ಮಾತ್ರ ತೆರೆದಿಡಿ. ನಾಲ್ಕು ಗಂಟೆಯವರೆಗೆ ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ಎಂದು ನೋಡಿ. ಐದು ಲಕ್ಷ ಲೀಟರಿನ, ಐದು ಮೀಟರ್ ಆಳದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸಾವಿರ ಲೀಟರ್. ಮೂರು ಗಂಟೆಯಲ್ಲಿ ಹದಿನೈದು ಸೆಂಟಿಮೀಟರ್ ಇಳಿದರೆ ಗಂಟೆಗೆ ಐದು ಸಾವಿರ, ದಿನಕ್ಕೆ 1.2 ಲಕ್ಷ ಲೀಟರ್ ನೆಲಕ್ಕೆ ಹೋಗುತ್ತಿದೆ ಎಂದರ್ಥ. ದಿನದಲ್ಲಿ ಎರಡು ಗಂಟೆ ಮಾತ್ರ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಕೊಳವೆ ಖಾಲಿಯಿರುವುದರಿಂದ ಈ ಪ್ರಮಾಣವನ್ನು ನೀರು ಬಿಡುವ ಗಂಟೆಗಳಿಗೆ ಮಾತ್ರ ಅನ್ವಯಿಸಬೇಕು. ಖಾಲಿ ಕೊಳವೆಗೆ ಅದೇ ತೂತುಗಳಿಂದ ಚರಂಡಿಯ ನೀರು ಒಳಸೇರುತ್ತದೆ ಎಂಬುದು ಇನ್ನೂ ದೊಡ್ಡ ಆತಂಕ. ದಿನದ 24 ಗಂಟೆಯೂ ಒತ್ತಡದಲ್ಲಿ ನೀರು ಕೊಡುವ ಪ್ರಯೋಗ 2008ರಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ನಡೆಯಿತು. ಅದು ಸಾಧ್ಯವಾಗಿದ್ದು ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರ್ ಹಾಕಿದ ಮೇಲೆಯೇ.

ಬೇಸಗೆಯ ಜಲಮೂಲವನ್ನು ಅಳೆಯುವುದು

ನಾನು ಹತ್ತಿರದಿಂದ ಕಂಡ ಒಂದು ಯೋಜನೆಯಲ್ಲಿ ಅಬ್ಬಿಯ ನೀರನ್ನು ಅಕ್ಟೋಬರಿನಲ್ಲಿ ಅಳೆದು, ಅದನ್ನೇ ನಂಬಿ ಟ್ಯಾಂಕು ಕಟ್ಟಿ, ಮನೆಮನೆಗೆ ನಲ್ಲಿ ಹಾಕಿಸಲಾಗಿತ್ತು. ಮಾರ್ಚಿಯಲ್ಲಿ ನಲ್ಲಿಗಳು ಒಣಗಿದವು. ಕಟ್ಟಡದಲ್ಲಿ ದೋಷವಿರಲಿಲ್ಲ, ಕೊಳವೆಯಲ್ಲಿ ದೋಷವಿರಲಿಲ್ಲ. ಅಳತೆಯ ತಿಂಗಳು ಮಾತ್ರ ತಪ್ಪಿತ್ತು. ಆ ಊರಿನ ಹೆಂಗಸರು ಮತ್ತೆ ಕೊಡ ಹಿಡಿದು ಹಳ್ಳಕ್ಕೆ ಇಳಿದುದನ್ನು ನೋಡಿದ ಮೇಲೆ, ಬೇಸಗೆಯಲ್ಲಿ ಅಳೆಯದೆ, ನಮ್ಮ ಜಂಬಿಟ್ಟಿಗೆ ನೆಲದ ಗುಣವನ್ನು ಅರಿಯದೆ ಯಾವ ಜಲಮೂಲಕ್ಕೂ ಒಪ್ಪಿಗೆ ಕೊಡಬಾರದೆಂದು ನಾನು ನಿಶ್ಚಯಿಸಿಕೊಂಡೆ. ಜಂಬಿಟ್ಟಿಗೆ ತೂತುಗಳ ಕಲ್ಲು. ಮಳೆಗಾಲದಲ್ಲಿ ಬೇಗ ನೀರು ಕುಡಿಯುತ್ತದೆ, ಇಳಿಜಾರಿನಲ್ಲಿ ಅಷ್ಟೇ ಬೇಗ ಕೆಳಗಿನ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಮೇಲೆ ಕಾನು (ದಟ್ಟ ನಿತ್ಯಹಸಿರು ಕಾಡು) ಇದ್ದರೆ, ತಗ್ಗಿನಲ್ಲಿ ರಾಂಪತ್ರೆ ಜಡ್ಡಿ (ರಾಂಪತ್ರೆ ಮರಗಳ ಜೌಗು ಕಾಡು) ಇದ್ದರೆ, ಆ ಬಿಡುಗಡೆ ನಿಧಾನವಾಗುತ್ತದೆ; ಗುಡ್ಡ ಬೋಳಾಗಿದ್ದರೆ ದೀಪಾವಳಿಯ ಹೊತ್ತಿಗೇ ಹಳ್ಳ ಸೊರಗುತ್ತದೆ.

ಒರತೆ, ಅಬ್ಬಿಗಳನ್ನು ಅಳೆಯಲು 15 ಲೀಟರಿನ ಕೊಡಪಾನ ಮತ್ತು ಮೊಬೈಲಿನ ಗಡಿಯಾರ ಸಾಕು. ಕೊಡಪಾನ 30 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್. ತಲಾ 55 ಲೀಟರಿನಂತೆ 785 ಜನರಿಗೆ ಸಾಲುತ್ತದೆ. ಅದೇ ಏಪ್ರಿಲಿನಲ್ಲಿ ಎರಡು ನಿಮಿಷ ತೆಗೆದುಕೊಂಡರೆ 10,800 ಲೀಟರ್, ಬರೀ 196 ಜನರಿಗೆ. ಯೋಜನೆಗೆ ಬರೆಯಬೇಕಾದದ್ದು ಎರಡನೆಯ ಸಂಖ್ಯೆ. ಹಳ್ಳವಾದರೆ ನೇರವಾಗಿ ಹರಿಯುವ ಹತ್ತು ಮೀಟರ್ ಜಾಗ ಆರಿಸಿ, ಒಣ ಅಡಿಕೆ ಸಿಪ್ಪೆಯನ್ನೋ ಕಡ್ಡಿಯನ್ನೋ ತೇಲಿಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ಎಂದು ನೋಡಿ. ಆ ವೇಗವನ್ನು 0.8ರಿಂದ ಗುಣಿಸಿ, ಸರಾಸರಿ ಅಗಲ ಮತ್ತು ಆಳಗಳಿಂದ ಗುಣಿಸಿದರೆ ಹರಿವು ಸಿಗುತ್ತದೆ. ಬಾವಿಯ ನೀರಿನ ಮಟ್ಟವನ್ನು ಗಂಟು ಹಾಕಿದ ಹಗ್ಗದಿಂದ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು ಅಳೆಯಬೇಕು.

ದೊಡ್ಡ ಹೊಳೆಗಳಿಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ; ತುಂಗೆಗೆ ಶಿವಮೊಗ್ಗದಲ್ಲಿ, ಭದ್ರೆಗೆ ಹೊಳೆಹೊನ್ನೂರಿನಲ್ಲಿ. ಹೋಬಳಿವಾರು ಮಳೆಯ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಸರಾಸರಿ ವರ್ಷವನ್ನು ತೆಗೆದುಕೊಳ್ಳಬೇಡಿ, ಕೆಟ್ಟ ವರ್ಷವನ್ನು ತೆಗೆದುಕೊಳ್ಳಿ. 2023ರಲ್ಲಿ ಮುಂಗಾರು ಕೇರಳಕ್ಕೇ ಜೂನ್ 8ರಂದು ಬಂತು, ಆಮೇಲೆಯೂ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷದ ಮರುಬೇಸಗೆಯಲ್ಲಿ ನಿಮ್ಮ ಜಲಮೂಲ ಎಷ್ಟು ಕೊಟ್ಟಿತೋ ಅದೇ ನಿಮ್ಮ ನಂಬಲರ್ಹ ಪೂರೈಕೆ.

ಜಲಾಶಯದ ನೀರನ್ನು ಲೆಕ್ಕಕ್ಕೆ ಹಿಡಿಯುವಾಗ ಹಕ್ಕುದಾರರ ಪಟ್ಟಿ ಮಾಡಿ. ಭದ್ರೆಯ ನೀರು ಅಚ್ಚುಕಟ್ಟಿನ ರೈತರಿಗೆ, ದಾವಣಗೆರೆ ಮತ್ತು ಚಿತ್ರದುರ್ಗದ ಕುಡಿಯುವ ನೀರಿಗೆ, ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾಗಿದೆ. ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರೆಗೆ ತಂದು, ಭದ್ರೆಯಿಂದ ಒಟ್ಟು 29.9 ಟಿಎಂಸಿಯನ್ನು ಬಯಲುಸೀಮೆಗೆ ಕೊಡುವ ಯೋಜನೆ. ನಾಲೆಗೆ ಯಾವಾಗ ನೀರು, ಎಷ್ಟು ದಿನ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಅದರ ನಡಾವಳಿಗಳನ್ನು ಹತ್ತು ವರ್ಷದ್ದು ತೆಗೆಸಿ ಓದಿದರೆ ಬೇಸಗೆಯಲ್ಲಿ ಕುಡಿಯುವ ನೀರಿಗೆಂದು ನಿಜವಾಗಿ ಎಷ್ಟು ಉಳಿಸಲಾಯಿತು ಎಂಬುದು ಗೊತ್ತಾಗುತ್ತದೆ. ಹಕ್ಕುದಾರರ ಪಟ್ಟಿಯಲ್ಲಿ ಹೊಳೆಯನ್ನೂ ಸೇರಿಸಿ. ತೀರ್ಥಹಳ್ಳಿಯ ಬಳಿ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನುಗಳು ಬೇಸಗೆ ಕಳೆಯುವುದು ಮಡುವಿನ ನೀರಿನಲ್ಲಿ. ಕೊನೆಯ ಮಡುವಿಗೂ ಪಂಪ್ ಇಳಿಸಿದರೆ ಹೊಳೆ ಸಾಯುತ್ತದೆ.

2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಶರಾವತಿ ನೀರು ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆಯ ಜನ ಬೀದಿಗಿಳಿದರು. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ, ಅಂದರೆ ಸುಮಾರು 554 ಮೀಟರ್. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಆ ಪ್ರಸ್ತಾಪವನ್ನು ಪ್ರಶ್ನಿಸಲು ಈ ಎತ್ತರದ ಲೆಕ್ಕವೇ ಬಲವಾದ ವಾದ. ಅದಕ್ಕಿಂತ ಬಲವಾದದ್ದು, 2050ರಲ್ಲಿ ನಮ್ಮ ಪಟ್ಟಣಗಳಿಗೆ, ಹಳ್ಳಿಗಳಿಗೆ, ತೋಟಗಳಿಗೆ ಬೇಸಗೆಯಲ್ಲಿ ಇಷ್ಟು ನೀರು ಬೇಕು ಎಂದು ಹೋಬಳಿವಾರು ಅಂಕಿಯನ್ನು ಮೇಜಿನ ಮೇಲೆ ಇಡಬಲ್ಲ ಜಿಲ್ಲೆಯ ದನಿ. ಮುಳುಗಡೆಯಲ್ಲಿ ಮನೆ, ಗದ್ದೆ ಕಳೆದುಕೊಂಡವರ ನಾಡಿನಲ್ಲಿ ಆ ಅಂಕಿ ಸಿದ್ಧವಿಲ್ಲದಿರುವುದು ನನಗೆ ನೋವಿನ ಸಂಗತಿ.

ಕೊರತೆಯನ್ನು ತುಂಬುವ ಕ್ರಮ

ಬೇಡಿಕೆ ಮತ್ತು ನಂಬಲರ್ಹ ಪೂರೈಕೆ ಎರಡೂ ಕೈಯಲ್ಲಿದ್ದ ಮೇಲೆ, ತಿಂಗಳುವಾರು ಎರಡನ್ನೂ ಅಕ್ಕಪಕ್ಕ ಬರೆದು ಕಳೆಯಿರಿ. ಸೋರಿಕೆಯನ್ನು ತಡೆದ ಮೇಲೂ ಉಳಿಯುವ ಕೊರತೆಗೆ ಮೊದಲ ಉತ್ತರ ಊರಿನ ಕೆರೆ. ಆರು ಸಾವಿರ ಜನರ ಪಂಚಾಯಿತಿಗೆ ದಿನಕ್ಕೆ 3.3 ಲಕ್ಷ ಲೀಟರಿನಂತೆ 120 ದಿನಕ್ಕೆ 3.96 ಕೋಟಿ ಲೀಟರ್ ಬೇಕು. ಐದು ಎಕರೆ ವಿಸ್ತಾರದ, ಸರಾಸರಿ ಎರಡು ಮೀಟರ್ ಆಳದ ಕೆರೆಯಲ್ಲಿ ಸುಮಾರು 4.05 ಕೋಟಿ ಲೀಟರ್ ಹಿಡಿಯುತ್ತದೆ. ಸರಿಹೊಂದಿತು ಎಂದುಕೊಳ್ಳಬೇಡಿ. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೂ 120 ದಿನದಲ್ಲಿ 60 ಸೆಂಟಿಮೀಟರ್, ಅಂದರೆ 1.2 ಕೋಟಿ ಲೀಟರ್ ಹೋಯಿತು. ಉಳಿದದ್ದು 85 ದಿನಕ್ಕೆ ಮಾತ್ರ. ಫೆಬ್ರವರಿ 15ರಿಂದ ಬಳಸಿದರೆ ಮೇ ಎರಡನೆಯ ವಾರಕ್ಕೆ ಕೆರೆ ಖಾಲಿ. ಅದೇ ಕೆರೆ ಸರಾಸರಿ ಮೂರು ಮೀಟರ್ ಆಳವಿದ್ದರೆ ಅಷ್ಟೇ ಆವಿಯಾದರೂ 145 ದಿನ ದಾಟುತ್ತದೆ. ಮಲೆನಾಡಿನಲ್ಲಿ ಕೆರೆಯನ್ನು ಅಗಲಿಸುವುದಕ್ಕಿಂತ ಹೂಳೆತ್ತಿ ಆಳವಾಗಿಸುವುದು ಮೇಲು. ತಳದ ಜೇಡಿಮಣ್ಣಿನ ಪದರವನ್ನು ಮಾತ್ರ ಯಂತ್ರದ ಬಕೆಟ್ ಒಡೆಯಬಾರದು, ಒಡೆದರೆ ಇಂಗಿ ಹೋಗುತ್ತದೆ. ಹೂಳೆತ್ತುವ ಮೊದಲು ಸರ್ವೆ ಮಾಡಿಸಿ ಒತ್ತುವರಿ ತೆರವುಗೊಳಿಸಿ. ಕೆಳದಿ ಅರಸರ ಕಾಲದಿಂದ ಉಳಿದುಬಂದ ಕೆರೆಗಳು ಸಾಗರ, ಸೊರಬ, ಶಿಕಾರಿಪುರದ ಕಡೆ ಸಾಕಷ್ಟಿವೆ. ಹೊಸ ಅಣೆಕಟ್ಟೆಗೆ ಅರಣ್ಯ ಇಲಾಖೆಯ ಅನುಮತಿ ಕೇಳುವ ಮುನ್ನ ಅವುಗಳ ಕಾಲುವೆಗಳನ್ನು ಬಿಡಿಸಬೇಕು.

ಗುಡ್ಡದ ನೆತ್ತಿಯ ಒಂಟಿ ಮನೆಗಳಿಗೆ ಕೊಳವೆ ಮಾರ್ಗ ಎಳೆಯುವುದಕ್ಕಿಂತ ಚಾವಣಿಯ ಮಳೆನೀರು ಸುಲಭ. ಐದು ಜನರ ಮನೆಗೆ 120 ದಿನಕ್ಕೆ 33 ಸಾವಿರ ಲೀಟರಿನ, ಬೆಳಕು ಬೀಳದಂತೆ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ಕಸವನ್ನು ಹೊರಬಿಟ್ಟು, ಶೋಧಿಸಿ ತುಂಬಿಸಿದರೆ ಅದು ಆಶ್ಲೇಷ ಮಳೆಯ ಹೊತ್ತಿಗೆ ತುಂಬಿ ತುಳುಕುತ್ತದೆ.

ದೂರದ ಹೊಳೆಯಿಂದ ನೀರೆತ್ತುವುದು ಕೊನೆಯ ಆಯ್ಕೆಯಾಗಿರಲಿ. ದಿನಕ್ಕೆ ಒಂದು ಕೋಟಿ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇಕಡಾ 65 ಎಂದುಕೊಂಡರೆ, ದಿನಕ್ಕೆ ಸುಮಾರು 4,200 ಯೂನಿಟ್ ವಿದ್ಯುತ್ ಬೇಕು. ಕೊಳವೆಯೊಳಗಿನ ಘರ್ಷಣೆಯ ಲೆಕ್ಕ ಬೇರೆ. ಕಾಮಗಾರಿಯ ವೆಚ್ಚವನ್ನು ಸರ್ಕಾರ ಕೊಟ್ಟೀತು, ಮೂವತ್ತು ವರ್ಷದ ವಿದ್ಯುತ್ ಬಿಲ್ಲನ್ನು ಕಟ್ಟುವುದು ಸ್ಥಳೀಯ ಸಂಸ್ಥೆ. ಆ ಬಿಲ್ಲನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆಯಲು ಒತ್ತಾಯಿಸಿ.

ಎಲ್ಲವನ್ನೂ ಒಂದೇ ಸಲ ಮೂವತ್ತು ವರ್ಷಕ್ಕೆ ಕಟ್ಟಬೇಕಿಲ್ಲ. ಕೈಪಿಡಿಯಂತೆ ಮುಖ್ಯ ಕೊಳವೆ ಮಾರ್ಗ ಮತ್ತು ವಿತರಣಾ ಜಾಲವನ್ನು 30 ವರ್ಷಕ್ಕೆ, ಪಂಪು, ಮೋಟಾರು, ಶುದ್ಧೀಕರಣ ಘಟಕಗಳನ್ನು 15 ವರ್ಷಕ್ಕೆ, ಅಣೆಕಟ್ಟೆಯನ್ನು 50 ವರ್ಷಕ್ಕೆ ರೂಪಿಸಲಾಗುತ್ತದೆ. ಶುದ್ಧೀಕರಣ ಘಟಕದ ಎರಡನೆಯ ಹಂತಕ್ಕೆ ಜಾಗ ಮಾತ್ರ ಬಿಟ್ಟು, ದಿನದ ಬಳಕೆ ಮೊದಲ ಹಂತದ ಶೇಕಡಾ 80 ಮುಟ್ಟಿದಾಗ ಟೆಂಡರ್ ಕರೆಯಬೇಕು ಎಂಬ ಷರತ್ತನ್ನು ಠರಾವಿನಲ್ಲೇ ಸೇರಿಸಿ.

ಕೊಟ್ಟ ನೀರಿನ ಶೇಕಡಾ 80ರಷ್ಟು ಕೊಳಚೆಯಾಗಿ ಮರಳುತ್ತದೆ. 2041ರ ಶಿವಮೊಗ್ಗದಿಂದ ದಿನಕ್ಕೆ ಸುಮಾರು 5.7 ಕೋಟಿ ಲೀಟರ್. ಅದು ಶುದ್ಧವಾಗದೆ ತುಂಗೆಗೆ ಇಳಿದರೆ ಕೂಡ್ಲಿ, ಹೊನ್ನಾಳಿ, ಹರಿಹರದ ಜನರ ಕುಡಿಯುವ ನೀರಿಗೆ ಸೇರುತ್ತದೆ. ಬೇಸಗೆಯಲ್ಲಿ ಹೊಳೆ ಸಣ್ಣದಾದಾಗ ಅದನ್ನು ತೆಳುವಾಗಿಸುವ ನೀರೂ ಇರುವುದಿಲ್ಲ. ಆದ್ದರಿಂದ ನೀರು ಸರಬರಾಜಿನ ಪ್ರತಿ ಹಂತಕ್ಕೂ ಒಳಚರಂಡಿ ಶುದ್ಧೀಕರಣದ ಅದೇ ಪ್ರಮಾಣದ ಹಂತವನ್ನು ಜೋಡಿಸಿಯೇ ಅನುಮೋದನೆ ಕೊಡಬೇಕು.

ಲೆಕ್ಕದ ಪುಸ್ತಕ

ಯೋಜನೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಪರಿಷ್ಕರಿಸಲು ಅಳತೆಗಳಿರಬೇಕು. ಪಂಚಾಯಿತಿ ಕಚೇರಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಟ್ಟು, ಪ್ರತಿ ಜಲಮೂಲಕ್ಕೆ ಎರಡು ಪುಟ ಬಿಡಿ: ದಿನಾಂಕ, ಅಳತೆ, ಅಳೆದವರ ಸಹಿ. ಹೊಸ ಕೊಳವೆಬಾವಿ ತೆಗೆದಾಗ ಅದರ ಸರ್ವೆ ನಂಬರ್, ಆಳ, ನೀರು ಸಿಕ್ಕ ಮಟ್ಟವನ್ನು ಅದರಲ್ಲೇ ಬರೆಯಿರಿ. ಅಳೆಯುವ ಕೆಲಸವನ್ನು ನೀರುಗಂಟಿಗೆ ವಹಿಸಿ ಅದಕ್ಕೆ ಸಂಭಾವನೆಯನ್ನೂ ನಿಗದಿಪಡಿಸಿ. ಪ್ರೌಢಶಾಲೆಯ ಮಕ್ಕಳು ಜೊತೆಗೂಡಿದರೆ ಇನ್ನೂ ಒಳ್ಳೆಯದು. ಮೊದಲ ಅಳತೆಯನ್ನು ಸಂಕ್ರಾಂತಿ ಕಳೆದ ವಾರದಲ್ಲಿ ತೆಗೆದು, ಅಲ್ಲಿಂದ ಹದಿನೈದು ದಿನಕ್ಕೊಮ್ಮೆ, ಹಳ್ಳ ಮತ್ತೆ ಕೆಂಪಾಗಿ ಹರಿಯುವವರೆಗೆ ಬಿಡದೆ ಬರೆಯಿರಿ. ಆ ವರ್ಷದ ಅತಿ ಕಡಿಮೆ ಅಳತೆಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ, ಜುಲೈ ತಿಂಗಳ ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ದಾಖಲಿಸಿ.